ಗುಡ್ಡಕ್ಕೆ ಮುಖ ಮಾಡಿದ ಜಗಲಿ

ನಮ್ಮ ಮನೆ ಹಳೇಬೀಡಿನಿಂದ ಅರಸೀಕೆರೆ ಕಡೆಗೆ ಹೋಗುವ ದಾರಿಯಲ್ಲಿದೆ. ಬಸ್ಸಿಳಿದು ತೆಂಗಿನ ತೋಟದೊಳಗೆ ಸ್ವಲ್ಪ ನಡೆಯಬೇಕು. ಮನೆಗೆ ಉದ್ದನೆಯ ಜಗಲಿ, ಜಗಲಿಯ ಮುಂದೆ ಅಂಗಳ, ಅಂಗಳದ ಪಕ್ಕಕ್ಕೆ ತೋಟದ ಮೇಲಿನ ಮೂಲೆ, ಅದರಾಚೆ ಗುಡ್ಡ. ಗುಡ್ಡದ ಮೇಲೆ ಆಗ ಏನೂ ಇರಲಿಲ್ಲ. ಹುಲ್ಲು, ಬಂಡೆ, ಒಂದಿಷ್ಟು ಕಾರೆಗಿಡ, ಅಷ್ಟೆ. ಆ ಏನೂ ಇಲ್ಲದ್ದನ್ನು ನೋಡುವುದಕ್ಕೆ ಜನ ಬೆಂಗಳೂರಿನಿಂದ ಬರುತ್ತಿದ್ದರು ಎಂದರೆ ನಮ್ಮ ಅತ್ತೆ ಇವತ್ತಿಗೂ ನಂಬುವುದಿಲ್ಲ.

ಆದರೆ ಬರುತ್ತಿದ್ದರು. ಹಳೇಬೀಡು, ಬೇಲೂರು ನೋಡಲು ಬಂದವರು ರಾತ್ರಿ ತಂಗಲು ಶಾಂತವಾದ ಜಾಗ ಹುಡುಕುತ್ತಿದ್ದರು. ಕೊಬ್ಬರಿ ಅಟ್ಟದ ಕೆಳಗಿದ್ದ ಉಗ್ರಾಣವನ್ನು ಎರಡು ಕೋಣೆ ಮಾಡಿ, ಸುಣ್ಣ ಬಳಿದು, ಬಚ್ಚಲು ಕಟ್ಟಿಸಿ, ಹೋಮ್‌ಸ್ಟೇ ಎಂದು ಬೋರ್ಡು ಹಾಕಿದವಳು ನಾನು. ಮೇಲೆ ಅಟ್ಟದಲ್ಲಿ ಕಾಯಿ ಒಣಗುತ್ತಿರುತ್ತಿತ್ತು. ಇಲಿ ಓಡಿದರೆ ಒಂದೆರಡು ಕಾಯಿ ಗುಡುಗುಡು ಉರುಳುತ್ತಿದ್ದವು. ಕೆಲವರು ಹೆದರಿ ದೀಪ ಹಾಕಿಕೊಂಡು ಕೂತರು, ಕೆಲವರು ಅದನ್ನೇ ಹೊಗಳಿ ಇಂಟರ್‌ನೆಟ್ಟಿನಲ್ಲಿ ಬರೆದರು. ಬೆಳಗ್ಗೆ ಎದ್ದ ಮೇಲೆ ಮಾತ್ರ ಎಲ್ಲರೂ ಒಂದೇ. ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತು ಗುಡ್ಡ ನೋಡುತ್ತಾ ಮಾತು ಮರೆಯುತ್ತಿದ್ದರು.

ನಮ್ಮ ಯಜಮಾನರಿಗೆ ಹೋಮ್‌ಸ್ಟೇ ಬಗ್ಗೆ ವಿರೋಧವೇನೂ ಇರಲಿಲ್ಲ. ಬಂದವರನ್ನು ಗುಡ್ಡಕ್ಕೆ ಹತ್ತಿಸಿ, ಮೇಲಿನಿಂದ ಹಳೇಬೀಡಿನ ಕೆರೆ ತೋರಿಸಿ, ಕೆಳಗಿಳಿಸಿಕೊಂಡು ಬರುತ್ತಿದ್ದವರು ಅವರೇ. ಆದರೆ ಅವರ ಮನಸ್ಸು ಬೇರೆ ಕಡೆ ಇತ್ತು. ಅರಸೀಕೆರೆ ಮಂಡಿಗೆ ಕೊಬ್ಬರಿ ಹಾಕಲು ಹೋಗುವಾಗ ದಾರಿಯಲ್ಲಿ ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ನಮ್ಮ ಕಡೆ ಅವನ್ನು ಫ್ಯಾನು ಎನ್ನುತ್ತೇವೆ. ಇವರು ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಕತ್ತು ಎತ್ತಿ ಅವನ್ನು ನೋಡುತ್ತಾ ನಿಲ್ಲುತ್ತಿದ್ದರು. ಹಿಂದೆ ಕೂತ ನಾನು ಇಳಿದು ಬಿಸಿಲಲ್ಲಿ ಕಾಯಬೇಕು. ಅಷ್ಟು ಹೊತ್ತು ಅವರು ನನ್ನನ್ನಂತೂ ಎಂದೂ ನೋಡಿದವರಲ್ಲ ಎಂದು ಒಮ್ಮೆ ಹೇಳಿದೆ. "ನೀನು ತಿರುಗಲ್ವಲ್ಲ," ಎಂದರು.

ನಮ್ಮ ಗುಡ್ಡಕ್ಕೂ ಫ್ಯಾನು ಬರುತ್ತದಂತೆ ಎಂಬ ಸುದ್ದಿ ಹಬ್ಬಿದಾಗ ಊರಲ್ಲಿ ಎಷ್ಟು ಮಾತಾಯಿತೋ ಗೊತ್ತಿಲ್ಲ, ನಮ್ಮ ಮನೆಯಲ್ಲಂತೂ ದಿನವೂ ಅದೇ. ಕಾಫಿಗೆ ಮೊದಲು ಶುರುವಾದರೆ ಮುದ್ದೆ ಮುರಿಯುವವರೆಗೂ ನಡೆಯುತ್ತಿತ್ತು.

"ಫ್ಯಾನು ಹಾಕಿದ್ರೆ ಇಲ್ಲಿಗೆ ಯಾರ್ರೀ ಬರ್ತಾರೆ?" ಎಂದು ನಾನು.

"ನಿನ್ನ ಗಿರಾಕಿಗಳು ಫೋನು ಚಾರ್ಜಿಗೆ ಹಾಕ್ತಾರಲ್ಲ, ಆ ಕರೆಂಟು ಎಲ್ಲಿಂದ ಬತ್ತದೆ? ಬೇಲೂರಿನ ಶಿಲಾಬಾಲಿಕೆ ಕೊಡ್ತಾಳಾ?"

"ಎಲ್ಲಾದ್ರೂ ಹಾಕ್ಕೊಳ್ಳಲಿ. ನಮ್ಮ ಗುಡ್ಡ ಬೇಡ."

"ಯಾವ ಗುಡ್ಡ ಆದ್ರೂ ಯಾರಿಗೋ ಒಬ್ರಿಗೆ ನಮ್ಮ ಗುಡ್ಡಾನೇ ಕಣೇ."

ಆ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು. ನನ್ನ ಪಕ್ಷಕ್ಕೆ ಬಲ ಬರಲಿ ಎಂದು ಆ ವಾರ ತಂಗಿದ್ದ ಗಂಡಹೆಂಡಿರನ್ನು ಜಗಲಿಯ ಮೇಲೆ ಕೇಳಿದೆ, ಇಲ್ಲಿ ಗಾಳಿಯಂತ್ರ ಬಂದರೆ ಹೇಗೆ ಎಂದು. ಆತ, "ಕ್ಲೀನ್ ಎನರ್ಜಿ ಬೇಕು ಮೇಡಂ, ಖಂಡಿತ ಬೇಕು. ಆದ್ರೆ ಇಂಥ ಜಾಗದಲ್ಲಿ ಬೇಡ, ಬೇರೆ ಎಲ್ಲಾದ್ರೂ ಹಾಕ್ಲಿ," ಎಂದರು. ಅಡುಗೆಮನೆಯಿಂದ ಯಜಮಾನರು ನಕ್ಕ ಸದ್ದು ಕೇಳಿಸಿತು. ನಾನು ಹೇಳಿದ್ದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಅಷ್ಟು ಚೆನ್ನಾಗಿರಲಿಲ್ಲ.

ಈ ಜಗಳ ಮುಗಿಯುವ ಮೊದಲೇ ಯಜಮಾನರು ಹೋದರು. ಪಂಪ್‌ಸೆಟ್ಟಿಗೆ ಕರೆಂಟು ಬಂದಿದೆ ಎಂದು ತೋಟಕ್ಕೆ ಹೋದವರು, ಎದೆ ಹಿಡಿದುಕೊಂಡು ಮೋಟಾರು ಮನೆಯ ಹತ್ತಿರ ಕೂತರಂತೆ. ನೀರು ಹಾಯಿಸುತ್ತಿದ್ದ ಮೈದುನ ಓಡಿ ಬಂದು ಹಿಡಿದುಕೊಳ್ಳುವಷ್ಟರಲ್ಲಿ ಆಗಿಹೋಗಿತ್ತು.

ನಮ್ಮವರಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಕೂರಿಸಿ ಹೂಳುತ್ತೇವೆ, ಅದೂ ಸಾಧ್ಯವಾದರೆ ಸ್ವಂತ ಜಮೀನಿನಲ್ಲೇ. ಎಲ್ಲಿ ಗುಂಡಿ ತೆಗೆಯುವುದು ಎಂದು ಮೈದುನ ಬಂದು ಕೇಳಿದ. "ಮೇಲಿನ ಮೂಲೇಲಿ ತೆಗಿಸ್ಲಾ ಅತ್ತಿಗೆ? ಅಲ್ಲಿ ಬೇರಿಲ್ಲ, ಮಣ್ಣು ಮೆತ್ತಗೈತೆ." ನಾನು ತಲೆಯಾಡಿಸಿದೆ. ಅವನು ಬಾವಿಯೊಳಗೆ ಎಂದಿದ್ದರೂ ತಲೆಯಾಡಿಸುತ್ತಿದ್ದೆ. ವಿಭೂತಿ, ಬಿಲ್ವಪತ್ರೆ ತಂದರು. ಮುಖ ಯಾವ ಕಡೆಗಿರಬೇಕು ಎಂಬುದಕ್ಕೆ ಪದ್ಧತಿ ಇದೆ. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಹೇಳಿದ ದಿಕ್ಕೂ ಗುಡ್ಡವಿದ್ದ ದಿಕ್ಕೂ ಒಂದೇ ಆಯಿತು. ಯಾರೋ ಹೆಂಗಸರು, "ಗುಡ್ಡ ನೋಡ್ಕಂಡು ಕೂತವ್ರೆ, ಪುಣ್ಯವಂತರು," ಎಂದು ಅತ್ತರು.

ನನಗೆ ಅಳು ಬರಲಿಲ್ಲ. ಬಂದವರಿಗೆಲ್ಲ ಕಾಫಿ ಆಯಿತಾ ಎಂದು ನೋಡುತ್ತಿದ್ದೆ. ಶಿವಗಣಾರಾಧನೆಯ ದಿನ ಪಾಯಸಕ್ಕೆ ಬೆಲ್ಲ ಸಾಲದು ಎಂದು ಮೊದಲು ಕಂಡುಹಿಡಿದವಳೂ ನಾನೇ. ಒಂದೇ ಮಗ್ಗುಲಿಗೆ ಮಲಗಿ ಎದ್ದಾಗ ತೋಳಿಗೆ ಜೋಮು ಹಿಡಿದು, ಅದು ನಮ್ಮದೇ ಎಂದು ಗೊತ್ತಿದ್ದರೂ ಮುಟ್ಟಿದರೆ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಗಟ್ಟಿಗಿತ್ತಿ ಎಂದರು ಕೆಲವರು. ಕಲ್ಲೆದೆ ಎಂದವರೂ ಇದ್ದಾರೆ, ಅದೂ ನನ್ನ ಕಿವಿಗೆ ಬಿತ್ತು. ಎರಡನ್ನೂ ಕೇಳಿಸಿಕೊಂಡು ಪಾತ್ರೆ ತೊಳೆದೆ.

ಸ್ವಲ್ಪ ಕಾಲದ ಮೇಲೆ ಫೋನು ಬರತೊಡಗಿತು, ರೂಮು ಇದೆಯಾ ಎಂದು. ಇದೆ ಎಂದೆ. ಜನ ಬಂದರು, ಜಗಲಿಯ ಮೇಲೆ ಕೂತರು, ಕಾಫಿ ಕುಡಿದರು. ಗುಡ್ಡ ಹತ್ತಿಸುವವರು ಯಾರೂ ಇಲ್ಲದ್ದರಿಂದ ದಾರಿ ಕೈತೋರಿಸಿ ಕಳಿಸುತ್ತಿದ್ದೆ. ನಡುವೆ ಅಂಗಳದ ಪಕ್ಕದ ಮೂಲೆಯಲ್ಲಿ ಮಣ್ಣಿನ ದಿಬ್ಬ, ಅದರ ಮೇಲೊಂದು ದೀಪದ ಗೂಡು. ವರ್ಷ ತುಂಬಿದ ಮೇಲೆ ಕಲ್ಲಿನ ಗದ್ದುಗೆ ಕಟ್ಟಿಸುವುದು ಎಂದಾಗಿತ್ತು. ಅತಿಥಿಗಳು ಏನದು ಎಂದು ಕೇಳಿದರೆ "ನಮ್ಮ ಯಜಮಾನರು," ಎನ್ನುತ್ತಿದ್ದೆ. ಅವರು ಗಲಿಬಿಲಿಯಾಗಿ ಲೋಟ ಕೆಳಗಿಡುತ್ತಿದ್ದರು.

ವರ್ಷ ತುಂಬುವ ಮೊದಲೇ ಫ್ಯಾನಿನ ಕಂಪನಿಯವರು ಬಂದರು. ಗುಡ್ಡ ಸರ್ಕಾರದ್ದು, ಅದರ ಒಪ್ಪಿಗೆ ಆಗಿತ್ತು. ಬೇಕಾಗಿದ್ದದ್ದು ರಸ್ತೆ. ಫ್ಯಾನಿನ ರೆಕ್ಕೆ ಎಷ್ಟು ಉದ್ದವಿರುತ್ತದೆ ಎಂದರೆ, ಅದನ್ನು ಹೊತ್ತ ಲಾರಿ ಒಂದು ತಿರುವಿನಲ್ಲಿ ತಿರುಗಬೇಕಾದರೆ ಅಕ್ಕಪಕ್ಕ ಬಯಲಿನಂಥ ಜಾಗ ಬೇಕು. ಆ ತಿರುವು ನಮ್ಮ ಮೇಲಿನ ಮೂಲೆಯಲ್ಲೇ ಬರುತ್ತಿತ್ತು, ಇವರು ಕೂತಿದ್ದ ಜಾಗದಲ್ಲೇ.

ಅಲ್ಲಿಂದ ನಮ್ಮ ಜಗಲಿಗೆ ಬೇರೆ ತರದ ಅತಿಥಿಗಳು ಬಂದರು. ಹಳೇಬೀಡಿನಲ್ಲಿ ಪ್ರವಾಸಿಗಳನ್ನೇ ನಂಬಿದ್ದ ಗೈಡುಗಳು, ರೂಮಿನವರು ಕೂಡಿ ಬಂದರು. "ಕೆರೆ ಏರಿ ಮೇಲೆ ನಿಂತ್ರೆ ಈ ಗುಡ್ಡ ಕಾಣ್ತದೆ ಅಕ್ಕಾ. ಗುಡಿ ನೋಡಿ ಬಂದೋರು ಅಲ್ಲಿ ನಿಂತು ಫೋಟೋ ಹಿಡೀತಾರೆ. ನೀವೊಬ್ರು ಮೂಲೆ ಕೊಡಲ್ಲ ಅಂದ್ರೆ ರಸ್ತೆ ಆಗಲ್ಲ, ಫ್ಯಾನೂ ಬರಲ್ಲ," ಎಂದರು. ಅವರು ಹೋದ ಮೇಲೆ ಊರಿನವರು ಬಂದರು. ರಸ್ತೆ ಆದರೆ ಗುಡ್ಡದ ಹಿಂದಿನ ಹೊಲಗಳಿಗೂ ಗಾಡಿ ಹೋಗುತ್ತದೆ, ಹುಡುಗರಿಗೆ ಕಾವಲಿನ ಕೆಲಸವಾದರೂ ಸಿಗುತ್ತದೆ ಎಂದರು. ಇಬ್ಬರಿಗೂ ಕಾಫಿ ಕೊಟ್ಟೆ. ಇಬ್ಬರದೂ ಸರಿ ಅನ್ನಿಸಿತು, ಆದರೆ ಅನ್ನಿಸಿದ್ದು ತಲೆಗೆ ಮಾತ್ರ. ಒಂದು ಕಾಲದಲ್ಲಿ ಈ ಗುಡ್ಡಕ್ಕಾಗಿ ನಾನು ಕಟ್ಟಿಕೊಂಡ ಗಂಡನ ಜೊತೆ ಊಟ ಬಿಟ್ಟು ಜಗಳವಾಡಿದವಳು. ಈಗ ಇಲ್ಲ ಎನ್ನುವುದಕ್ಕೂ ಹೂಂ ಎನ್ನುವುದಕ್ಕೂ ನಾಲಿಗೆ ಏಳಲಿಲ್ಲ. ನೋಡೋಣ ಎಂದು ಎಲ್ಲರನ್ನೂ ಕಳಿಸಿದೆ.

ಅತ್ತೆ ಮಾತ್ರ ಗೊಂದಲದಲ್ಲಿರಲಿಲ್ಲ. "ನನ್ನ ಮಗ ಕೂತವ್ನೆ ಅಲ್ಲಿ. ಅವನ ಮ್ಯಾಲೆ ಲಾರಿ ಬಿಡ್ತಾರಂತಾ? ನಮ್ಮ ಜಮೀನು, ನಾವು ಕೊಡಲ್ಲ. ಅಷ್ಟೇಯ."

ಅವರ ಧೈರ್ಯವೆಲ್ಲ ಆ 'ನಮ್ಮ ಜಮೀನು' ಎಂಬ ಮಾತಿನ ಮೇಲೆ ನಿಂತಿತ್ತು. ಊರಿನವರ ಓಲೈಕೆ, ಹಳೇಬೀಡಿನವರ ಬೇಡಿಕೆ, ನಾನು ನೋಡೋಣ ನೋಡೋಣ ಎಂದು ತಳ್ಳಿದ್ದು, ಎಲ್ಲವೂ ಅದರ ಮೇಲೇ ನಿಂತಿದ್ದವು. ಅಳತೆಗೆ ಸರ್ವೆಯವರು ಬಂದ ದಿನ ಮೂರು ಕಾಲಿನ ಯಂತ್ರ ಇಟ್ಟು, ನಕಾಶೆ ಬಿಡಿಸಿ, ಬಿಳಿ ಸುಣ್ಣ ಹಾಕುತ್ತಾ ಬಂದರು. ಸುಣ್ಣದ ಗೆರೆ ನಮ್ಮ ಬೇಲಿಯವರೆಗೆ ಬರಲಿಲ್ಲ. ಬೇಲಿಗಿಂತ ಬಹಳ ಈಚೆಗೆ, ಅಂಗಳದ ಅಂಚಿಗೇ ತಿರುಗಿ ಹೋಯಿತು. ದಿಬ್ಬ ಆಚೆ ಉಳಿಯಿತು.

"ಇದು ಖರಾಬು ಅಮ್ಮಾ. ಸರ್ಕಾರಿ ಜಾಗ. ನಿಮ್ಮದು ಇಲ್ಲಿಗೇ ಮುಗೀತು," ಎಂದರು ಸರ್ವೆಯವರು, ಕಾಲ ಬಳಿಯ ಸುಣ್ಣ ತೋರಿಸಿ.

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನಮ್ಮ ಕಡೆ ಗುಡ್ಡದ ಬುಡದಲ್ಲಿ ಜಮೀನಿದ್ದವರೆಲ್ಲ ಪ್ರತಿ ತಲೆಮಾರಿನಲ್ಲೂ ಬೇಲಿಯನ್ನು ಒಂದಿಷ್ಟು ಮೇಲಕ್ಕೆ ಸರಿಸಿದವರೇ. ಮಾವನವರ ಅಪ್ಪ ಸರಿಸಿದ್ದು, ಮಾವನವರು ಸರಿಸಿದ್ದು, ಎಲ್ಲ ಸೇರಿ ನಮ್ಮದಾಗಿತ್ತು. ಅಲ್ಲಿ ಹುರುಳಿ ಬೆಳೆದಿದ್ದೇವೆ, ಬೇಲಿಗೆ ಕತ್ತಾಳೆ ನೆಟ್ಟಿದ್ದೇವೆ. ಸ್ವಂತ ಜಮೀನಿನಲ್ಲೇ ಕೂರಿಸಬೇಕು ಎಂದು ನೆಂಟರೆಲ್ಲ ಸೇರಿ ಮೆರವಣಿಗೆಯಲ್ಲಿ ಹೊತ್ತು ತಂದು, ನಮ್ಮದಲ್ಲದ ಜಾಗದಲ್ಲಿ ಅವರನ್ನು ಕೂರಿಸಿ ಕೈಮುಗಿದು ಬಂದಿದ್ದೆವು. ಒಬ್ಬರಿಗೂ ಅನುಮಾನ ಬಂದಿರಲಿಲ್ಲ.

ಅತ್ತೆ ಸರ್ವೆಯವರ ಮೇಲೆ ರೇಗಿದರು, ಆ ಯಂತ್ರ ಕೆಟ್ಟಿದೆ ಎಂದರು, ಆಮೇಲೆ ಸುಣ್ಣವನ್ನು ಕಾಲಲ್ಲಿ ಅಳಿಸಲು ಹೋದರು. ಮೈದುನ ಅವರನ್ನು ಹಿಡಿದುಕೊಂಡ. ಅವನ ಮುಖ ಬಿಳುಚಿತ್ತು, ಜಾಗ ತೋರಿಸಿದವನು ಅವನೇ ತಾನೇ. ನಾನು ನಿಂತು ನೋಡಿದೆ. ಇಷ್ಟು ದಿನ ಒಪ್ಪಲೋ ಬೇಡವೋ ಎಂದು ತೂಗುತ್ತಾ ಕೂತಿದ್ದೆನಲ್ಲ, ಕೊಡುವುದಕ್ಕೆ ನನ್ನ ಕೈಯಲ್ಲಿ ಆ ಜಾಗವೇ ಇರಲಿಲ್ಲ ಎಂಬುದು ನಿಧಾನಕ್ಕೆ ಅರ್ಥವಾಯಿತು. ನಗು ಬರಬೇಕಿತ್ತು. ಅದೂ ಬರಲಿಲ್ಲ.

ಮರುದಿನ ಕಂಪನಿಯ ಹುಡುಗಿ ಬಂದಳು. ತುಮಕೂರು ಕಡೆಯವಳು, ಜಮೀನಿನ ಮಾತುಕತೆ ನೋಡಿಕೊಳ್ಳುತ್ತಿದ್ದವಳು. ಒಳ್ಳೆಯ ಮಗು, ಚಪ್ಪಲಿ ಕೆಳಗೆ ಬಿಟ್ಟು ಜಗಲಿ ಹತ್ತಿದಳು.

"ಅಮ್ಮಾ, ನಾವು ಮೇಲೆ ಬಿದ್ದು ಮಾಡೋದಿಲ್ಲ," ಎಂದಳು. "ಎರಡು ದಾರಿ ಇದೆ. ನೀವು ಸಮಾಧೀನ ಬೇರೆ ಕಡೆ ಮಾಡ್ಕೊಳ್ಳೋದಾದ್ರೆ ಅದರ ಏರ್ಪಾಡು ನಾವು ಮಾಡ್ತೀವಿ. ಅದು ಬೇಡ ಅಂದ್ರೆ, ಅದನ್ನ ಹಾಗೇ ಬಿಟ್ಟು ರಸ್ತೇನ ಈಚೆಗೆ ಬಳಸಿ ತರಬಹುದು. ಆದ್ರೆ ಆಗ ನಿಮ್ಮ ಈ ಅಂಗಳ ಪೂರ್ತಿ ಬೇಕಾಗುತ್ತೆ. ಇದು ನಿಮ್ಮದೇ ಜಾಗ, ನೀವು ಕೊಟ್ರೆ ಮಾತ್ರ."

ಅಂಗಳ ಹೋದರೆ ಜಗಲಿಯ ಕಟ್ಟೆಗೆ ತಾಗಿ ರಸ್ತೆ. ಮುಂದೆ ಲಾರಿ, ಧೂಳು. ಅಲ್ಲಿ ಕೂತು ಕಾಫಿ ಕುಡಿಯಲು ಯಾರು ಬರುತ್ತಾರೆ? ಅಂದರೆ ಹೋಮ್‌ಸ್ಟೇ ಮುಗಿದಂತೆ. ಇವರು ಕೂತಲ್ಲೇ ಇರಬೇಕಾದರೆ ನನ್ನ ಅಂಗಳ ಹೋಗಬೇಕು, ನನ್ನ ಅಂಗಳ ಉಳಿಯಬೇಕಾದರೆ ಇವರು ಏಳಬೇಕು. ಆ ಮೂಲೆ ಸರ್ಕಾರದ್ದಾದ ಮೇಲೆ ಫ್ಯಾನು ಹೇಗಿದ್ದರೂ ಬರುತ್ತದೆ.

ಮೈದುನನ ಜೊತೆ ಮಠಕ್ಕೆ ಹೋಗಿ ಕೇಳಿದೆ. ಸ್ವಾಮಿಗಳು ದೊಡ್ಡ ಮನಸ್ಸಿನವರು. ಅಗೆಯುವುದೇನೂ ಬೇಡ, ಅಲ್ಲಿಯ ಮೃತ್ತಿಕೆ, ಅಂದರೆ ಒಂದು ಹಿಡಿ ಮಣ್ಣು ತಂದು ನಿಮ್ಮದೇ ತೋಟದಲ್ಲಿ ಗದ್ದುಗೆ ಕಟ್ಟಿಸಿ, ಅದೇ ಅವರು, ದೋಷವಿಲ್ಲ ಎಂದರು. ಮೈದುನ ನೆಮ್ಮದಿಯ ಉಸಿರು ಬಿಟ್ಟ. ಬರುವಾಗ ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಬಸ್ಸು ತಡವಾಗಿದ್ದರಿಂದ ಕೆರೆಯ ಕಡೆಗೆ ನಡೆದೆವು. ಸಂಜೆ ಬಿಸಿಲಿಗೆ ಗುಡ್ಡ ಕೆಂಪಗೆ ಕಾಣುತ್ತಿತ್ತು. ಶಾಲೆಯ ಪ್ರವಾಸದ ಮಕ್ಕಳು ನೀರಿನ ಅಂಚಿನಲ್ಲಿ ಕೂಗಾಡುತ್ತಿದ್ದವು. ಅವಕ್ಕೆ ಗುಡ್ಡದ ಗೊಡವೆಯೇ ಇರಲಿಲ್ಲ, ಒಬ್ಬರ ಮೇಲೊಬ್ಬರು ನೀರು ಎರಚುತ್ತಿದ್ದವು.

"ಸುಲಭ ಆಯ್ತಲ್ಲ ಅತ್ತಿಗೆ," ಎಂದ ಮೈದುನ. "ಒಂದು ಒಳ್ಳೆ ದಿನ ನೋಡಿ ಮೃತ್ತಿಕೆ ತೆಗೆದುಬಿಡಣ. ನಿಮ್ಮ ರೂಮೂ ಉಳೀತವೆ."

ಸುಲಭವೇ ಆಗಿತ್ತು. ಮಣ್ಣು ತರಬಹುದು, ಒಂದು ಹಿಡಿಯಲ್ಲ, ಬುಟ್ಟಿಗಟ್ಟಲೆ ತರಬಹುದು. ಆದರೆ ಆಮೇಲೆ ಆ ಮೂಲೆಯಲ್ಲಿ ಲಾರಿ ತಿರುಗುವಾಗ ಕೆಳಗೆ ಯಾರು ಕೂತಿರುತ್ತಾರೆ ಎಂದು ಸ್ವಾಮಿಗಳನ್ನು ಕೇಳಲು ನನಗೆ ಬಾಯಿ ಬಂದಿರಲಿಲ್ಲ. ಬದುಕಿದ್ದಾಗಲೇ ಆ ಮನುಷ್ಯರನ್ನು ಕೂತಲ್ಲಿಂದ ಎಬ್ಬಿಸುವುದೆಂದರೆ ನನಗೆ ಸಾಕುಸಾಕಾಗುತ್ತಿತ್ತು. ಪೇಪರು ಹಿಡಿದು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. ಈಗ ಎಬ್ಬಿಸುವುದು ನನ್ನಿಂದ ಆಗುವ ಕೆಲಸವಲ್ಲ.

"ಅಂಗಳ ಕೊಟ್ಬಿಡ್ತೀನಿ," ಎಂದೆ.

ಮೈದುನ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಿಲ್ದಾಣದ ಕಡೆ ಬಸ್ಸಿನ ಹಾರ್ನು ಕೇಳಿ ಓಡಿದೆವು.

ಹಳೇಬೀಡಿನವರು ಮುನಿಸಿಕೊಂಡರು. ನಾನು ಮಾರಿಕೊಂಡೆ ಎಂದೂ ಕೆಲವರು ಆಡಿದರು. ಆಡಿಕೊಳ್ಳಲಿ ಎಂದು ಬಿಟ್ಟೆ. ಅಂಗಳದ ದಾಸವಾಳ ಹೋಯಿತು, ಮುಂದಿನ ತೆಂಗಿನ ಮರಗಳು ಹೋದವು, ತುಳಸಿಕಟ್ಟೆಯನ್ನು ಹಿತ್ತಲಿಗೆ ತಂದೆವು. ಜೆಸಿಬಿ ಬಂದ ದಿನ ತಂಗಿದ್ದ ಅತಿಥಿಗಳು ತಾವು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಹೊರಟರು. ಆಮೇಲೆ ಫೋನು ಮಾಡಿದವರಿಗೆ ರೂಮಿಲ್ಲ ಎಂದೆ. ಕುರ್ಚಿಗಳನ್ನು ಅಟ್ಟಕ್ಕೆ ಹಾಕಿದೆ. ಉಗ್ರಾಣ ಮತ್ತೆ ಉಗ್ರಾಣವಾಯಿತು, ಮಂಚದ ಮೇಲೆಲ್ಲ ಕಾಯಿ. ಇದೆಲ್ಲ ಮಾಡುವಾಗ ದುಃಖವಾಯಿತಾ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಕೆಲಸ ಇತ್ತು, ಮಾಡಿದೆ. ವರ್ಷದ ತಿಥಿಗೆ ಗದ್ದುಗೆಯ ಕಲ್ಲು ಬಂತು. ಸರ್ಕಾರದ ಜಾಗದಲ್ಲೇ ಕೂರಿಸಿದೆವು. ರಸ್ತೆ ಅದನ್ನು ಬಳಸಿಕೊಂಡು, ನಮ್ಮ ಜಗಲಿಗೆ ಉಜ್ಜಿಕೊಂಡು ಗುಡ್ಡ ಹತ್ತಿತು.

ರೆಕ್ಕೆ ಬಂದದ್ದು ಒಂದು ಬೆಳಗ್ಗೆ. ಸುದ್ದಿ ಮೊದಲೇ ಬಂದಿತ್ತು, ಗಂಡಸಿ ಊರಿನ ಕಡೆಯಿಂದ ನೆಂಟರೂ ನೋಡಲು ಬಂದಿದ್ದರು. ಜಗಲಿಯ ತುಂಬಾ ಜನ. ಮುಂದೆ ಸೀಟಿ ಊದುತ್ತಾ ನಾಲ್ಕಾರು ಜನ, ಹಿಂದೆ ಲಾರಿ, ಅದರ ಹಿಂದೆ ಆ ಬಿಳಿ ರೆಕ್ಕೆ ಬರುತ್ತಲೇ ಇತ್ತು, ಮುಗಿಯಲೇ ಇಲ್ಲ. ನಡೆದರೂ ಅದಕ್ಕಿಂತ ಬೇಗ ಹೋಗಬಹುದು, ಅಷ್ಟು ನಿಧಾನ. ತಿರುವಿನಲ್ಲಿ ರೆಕ್ಕೆಯ ತುದಿ ಗದ್ದುಗೆಯ ಮೇಲೆ ನೆರಳು ಹಾಯಿಸಿಕೊಂಡು, ಕಲ್ಲಿಗೆ ತಾಗದೆ ಹೋಯಿತು. ಎಲ್ಲರೂ ಮೊಬೈಲು ಹಿಡಿದಿದ್ದರು. ಕೊಡುವುದಿಲ್ಲ ಎಂದು ಅಷ್ಟು ಕೂಗಾಡಿದ ಅತ್ತೆ ಅದು ಎದುರು ಬಂದಾಗ ಎದ್ದು ನಿಂತು ಕೈಮುಗಿದರು.

ಲಾರಿ ಗುಡ್ಡ ಹತ್ತಿ ಮರೆಯಾದ ಮೇಲೆ ಜನವೂ ಅದರ ಹಿಂದೆಯೇ ಹೋದರು. ನಾನು ಸೆರಗು ಕಟ್ಟಿಕೊಂಡು ರಸ್ತೆ ದಾಟಿದೆ. ನನಗೆ ಸಿಟ್ಟು ಬಂದಿತ್ತು. ಎಷ್ಟೋ ದಿನಗಳ ಮೇಲೆ, ಕಿವಿ ಬಿಸಿಯಾಗುವಂಥ ನಿಜವಾದ ಸಿಟ್ಟು. ನನ್ನ ಅಂಗಳ ಹೋಯಿತು, ನನ್ನ ರೂಮು ಹೋದವು, ನಾನು ಕಾಪಾಡಿಕೊಂಡು ಬಂದ ಗುಡ್ಡ ಹೋಯಿತು. ಇವರು ಮಾತ್ರ ಎದ್ದೂ ಏಳದೆ, ಕೂತಲ್ಲೇ ಕೂತು, ತಮಗೆ ಬೇಕಾದ್ದನ್ನು ಎದುರಿಗೇ ತರಿಸಿಕೊಂಡಿದ್ದರು.

"ಗೆದ್ರಲ್ಲ," ಎಂದೆ ಗದ್ದುಗೆಯ ಮುಂದೆ ನಿಂತು. "ಬಂತು ನಿಮ್ಮ ಫ್ಯಾನು. ಸಮಾಧಾನ ಆಯ್ತಾ? ಕಣ್ತುಂಬ ನೋಡ್ಕೊಳ್ಳಿ."

ಹೇಳಿ, ಅವರು ಏನಂತಾರೋ ಎಂದು ಕಾದೆ. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಸೊಂಟದ ಮೇಲೆ ಕೈಯಿಟ್ಟು ಕಾದೆ. ಇಂಥ ಮಾತಿಗೆ ಅವರು ಸುಮ್ಮನಿರುವವರಲ್ಲ, ಏನಾದರೊಂದು ಕೊಂಕು ಎಸೆದೇ ಎಸೆಯುವವರು. ಮೇಲೆಲ್ಲೋ ಲಾರಿಯ ಸದ್ದು ಕೇಳಿ ಅದೂ ನಿಂತಿತು. ಕಲ್ಲಿನ ಮೇಲೆ ರಸ್ತೆಯ ಧೂಳು ಕೂತಿತ್ತು. ಉತ್ತರ ಬರಲಿಲ್ಲ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಜಗಲಿಯಿಂದ ಅತ್ತೆ ಕೂಗಿದರು.

"ಯಾಕವ್ವಾ? ಫ್ಯಾನು ಬಂತು ಅಂತ ಅಳ್ತಾ ಇದ್ದೀಯಾ?"

"ಇಲ್ಲ ಅತ್ತೆ," ಎಂದೆ. "ಇವರು ಹೋಗ್ಬಿಟ್ರು."

ಅತ್ತೆ ಎದ್ದರು. ಕೋಲು ಹುಡುಕಿಕೊಂಡು, ಎರಡೂ ಕಡೆ ನೋಡಿ, ರಸ್ತೆ ದಾಟಿ ಬಂದು ನನ್ನ ಪಕ್ಕದಲ್ಲಿ ಕೂತರು.